ಕೆರೆಯ ದ್ವಾದಶಾಂಗಗಳೂ ಕೇಂದ್ರ ಜಲಾಯೋಗವೂ

೧

ಕೆರೆ ಕಾಲುವೆಗಳನ್ನು ಕುರಿತ ಶಾಸನಗಳನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಎರಡು ಪ್ರಯೋಜನಗಳಿಗಾಗಿ ಓದುವುದುಂಟು. ರಾಜವಂಶಾವಳಿಯ ನಿರ್ಣಯ ಒಂದು. ಭಾಷೆಯ ಅವಸ್ಥಾಭೇದಗಳ ಪರಿಶೀಲನ ಮತ್ತೊಂದು. ಶಾಸನವು ಹೇಳಹೊರಟ ಮುಖ್ಯಾರ್ಥವಾದ ಕೆರೆಯೇ ಈ ಎರಡರ ನಡುವೆ ಮರೆಯಾಗುವುದು. ಇತ್ತ, ಈ ಕಾಲದ ನೀರಾವರಿ ಕಾರ್ಯಗಳನ್ನು ವಿಮರ್ಶಿಸುವವರು ವೆಚ್ಚ, ವಿಸ್ತೀರ್ಣ, ಉತ್ಪತ್ತಿ ಎಂಬ ಅಂಕಿಗಳಿಂದ ಅಳೆಯುವರೇ ಹೊರತು, ಈ ದೇಶದಲ್ಲಿಯೇ ಹುಟ್ಟಿ ಕಲ್ಲಿನ ಮೇಲೆ ಉಳಿದುಬಂದಿರುವ ಅಳತೆಗೋಲೊಂದುಂಟೆಂಬುದನ್ನು ಗಮನಿಸುವುದು ವಿರಳ. ಸಾಹಿತ್ಯವನ್ನು ಬೋಧಿಸುವವರಿಗೂ ನೀರನ್ನು ಆಳುವವರಿಗೂ ನಡುವೆ ಬಿದ್ದಿರುವ ಈ ಅಂತರವು ಇಬ್ಬರಿಗೂ ನಷ್ಟಕರವಾದುದು.

ಪ್ರಕೃತ ಲೇಖನದಲ್ಲಿ ಎರಡು ಸಂಸ್ಕೃತ ಶಾಸನಗಳನ್ನು ಗ್ರಂಥಗಳೆಂದೇ ಭಾವಿಸಿ ಅವುಗಳ ತಾತ್ಪರ್ಯವನ್ನು ನಿಶ್ಚಯಿಸಿ, ಅಲ್ಲಿ ದೊರೆಯುವ ಲಕ್ಷಣಗಳಿಂದ ಭಾರತದ ಕೇಂದ್ರ ಜಲಾಯೋಗದ ಕಾರ್ಯವನ್ನು ಪರೀಕ್ಷಿಸಲಾಗುವುದು. ಒಂದು ಪೋರುಮಾಮಿಳ್ಳದ ಕೆರೆಯ ಶಾಸನ. ಮತ್ತೊಂದು ಗಿರಿನಗರದ ಬಂಡೆಯ ಮೇಲಿರುವ ರುದ್ರದಾಮನ ಶಾಸನ. ವಿಚಾರಣೀಯವಾದ ಪ್ರಶ್ನೆ ಇಷ್ಟು: ಇಡೀ ರಾಷ್ಟ್ರದ ಪರವಾಗಿ ನಿಂತಿರುವ ಸಂಸ್ಥೆಯೊಂದಕ್ಕೆ ನೀರಾವರಿಯಲ್ಲಿ ಮುಖ್ಯಧರ್ಮವಾವುದು? ನಿರ್ಮಾಣವೋ, ಪಾಲನವೋ?

೨

ಪೋರುಮಾಮಿಳ್ಳವು ಕಡಪಾ ಜಿಲ್ಲೆಗೆ ಸೇರಿದ ಊರು. ಅಲ್ಲಿಯ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರ. ಭವದೂರನೆಂಬುದು ಅವನ ಮತ್ತೊಂದು ಹೆಸರು. ಶಾಸನದ ಕಾಲ ಶಕ ೧೨೯೧, ಎಂದರೆ ಕ್ರಿ. ಶ. ೧೩೬೯. ದಿನವೊಂದಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಶಾಸನವೇ ಹೇಳುವುದು. ಆದರೆ ಇದರ ವೈಶಿಷ್ಟ್ಯವಿರುವುದು ಈ ಅಂಕಿಗಳಲ್ಲಿ ಅಲ್ಲ. ಕೆರೆಯೊಂದು ಸಿದ್ಧಿಸಬೇಕಾದರೆ ಬೇಕಾಗುವ ಹನ್ನೆರಡು ಅಂಗಗಳನ್ನೂ ಅದು ಕೆಡುವುದಕ್ಕೆ ಕಾರಣವಾಗುವ ಆರು ದೋಷಗಳನ್ನೂ ಇದು ಪದ್ಯದಲ್ಲಿ ಲಕ್ಷಣಗ್ರಂಥದ ಕ್ರಮದಿಂದ ನಿರೂಪಿಸುವುದು. ಅಲಂಕಾರಶಾಸ್ತ್ರವು ಕಾವ್ಯಕ್ಕೆ ಗುಣದೋಷಗಳನ್ನು ಎಣಿಸುವಂತೆ ಇಲ್ಲಿ ಜಲಾಶಯಕ್ಕೆ ಎಣಿಸಿದೆ.

ಆ ಹನ್ನೆರಡು ಅಂಗಗಳ ಸಾರ ಇದು: ಧರ್ಮಿಷ್ಠನೂ ಧನವಂತನೂ ಸುಖಿಯೂ ಸ್ಥಿರಕೀರ್ತಿಯನ್ನು ಬಯಸುವವನೂ ಆದ ಅರಸು; ಪಾಥಶ್ಶಾಸ್ತ್ರವನ್ನು, ಎಂದರೆ ಜಲಶಾಸ್ತ್ರವನ್ನು, ಬಲ್ಲ ಬ್ರಾಹ್ಮಣ; ಗಟ್ಟಿಜೇಡಿಯ ನೆಲ; ಮೂರು ಯೋಜನದಿಂದ ಸಿಹಿನೀರನ್ನು ತರುವ ನದಿ; ಅದಕ್ಕೆ ತಾಗಿ ನಿಂತ ಬೆಟ್ಟ; ಆ ಬೆಟ್ಟದ ಭಾಗಗಳ ನಡುವೆ ಅತಿದೀರ್ಘವಲ್ಲದ, ಒತ್ತಾದ ಕಲ್ಲಿನ ದೃಢವಾದ ಏರಿ; ಬೆಳೆಯ ಭೂಮಿಯ ಕಡೆಗೆ ಚಾಚದ ಎರಡು ಕೊನೆಗಳು; ವಿಶಾಲವೂ ಆಳವೂ ಆದ ಅಂಗಳ; ನೀಳವೂ ನೇರವೂ ಆದ ಕಲ್ಲುಗಳ ಗಣಿ; ಹತ್ತಿರದಲ್ಲಿ ಫಲವತ್ತಾದ ಸಮತಟ್ಟಿನ ಹೊಲಗಳು; ಬೆಟ್ಟದ ನೆಲೆಯಿಂದ ಸುಳಿಗೊಂಡು ಹರಿಯುವ ಜಲಮಾರ್ಗ; ಕಟ್ಟುವ ವಿದ್ಯೆಯಲ್ಲಿ ಪಳಗಿದ ಜನರ ತಂಡ.

ದೋಷಗಳು ಆರು: ಏರಿಯಿಂದ ನೀರು ಜಿನುಗುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೀರು ಅಲ್ಪವಾಗಿ ತೋಯಬೇಕಾದ ಭೂಮಿ ಅಧಿಕವಾಗಿರುವುದು, ಭೂಮಿ ಅಲ್ಪವಾಗಿ ನೀರು ಅಧಿಕವಾಗಿರುವುದು.

ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಹೇಳಿರುವ ಲಿಂಗಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರಗಳ ಐಕ್ಯ. ಆ ನ್ಯಾಯದಿಂದ ಈ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುವುದು. ಅಂಗಗಳ ಉಪಕ್ರಮದಲ್ಲಿ ಅರಸನೂ ಶಾಸ್ತ್ರಜ್ಞನೂ ಇದ್ದಾರೆ. ಉಪಸಂಹಾರದಲ್ಲಿ ಕುಶಲರಾದ ಕೆಲಸಗಾರರಿದ್ದಾರೆ. ಕಲ್ಲು, ಮಣ್ಣು, ನೀರು, ಬೆಟ್ಟ ಇವೆಲ್ಲ ಆ ಮನುಷ್ಯರ ನಡುವೆ ಬರುತ್ತವೆ. ಕೆರೆಯು ಮುಖ್ಯವಾಗಿ ಮನುಷ್ಯರ ಕೂಟದಿಂದ ಆಗತಕ್ಕದ್ದು, ಪ್ರಕೃತಿಯು ಆ ಕೂಟಕ್ಕೆ ಒದಗುವ ಸಾಮಗ್ರಿ, ಎಂಬುದೇ ಇಲ್ಲಿಯ ತಾತ್ಪರ್ಯವೆಂದು ಹೇಳಬೇಕಾಗುವುದು. ಶಾಸ್ತ್ರಜ್ಞನನ್ನು ಬ್ರಾಹ್ಮಣನೆಂದಿರುವುದು ಆ ಕಾಲದ ಸಮಾಜವ್ಯವಸ್ಥೆಯ ಅನುವಾದ ಮಾತ್ರ. ಕೆರೆಗೆ ಉಪಕಾರಕವಾದುದು ಪಾಥಶ್ಶಾಸ್ತ್ರದ ಜ್ಞಾನವೇ ಹೊರತು ಜ್ಞಾನಿಯ ಜಾತಿಯಲ್ಲವಾದ್ದರಿಂದ ವಿಧಿಯು ವಿಶೇಷಣದಲ್ಲಿ ನಿಲ್ಲುವುದೆಂದು ತಿಳಿಯುವುದೇ ಯುಕ್ತ.

ಆದರೂ ಈ ಪಟ್ಟಿಗೆ ಒಂದು ನ್ಯೂನತೆಯುಂಟು. ಕಟ್ಟಿಸುವವನು, ಬಲ್ಲವನು, ಕಟ್ಟುವವನು ಮೂವರನ್ನೂ ಹೆಸರಿಸಿದ ಲಕ್ಷಣಕಾರನು, ಕಟ್ಟಿದ ಮೇಲೆ ಹೂಳೆತ್ತುವವನನ್ನೂ ತೂಬನ್ನು ಕಾಯುವವನನ್ನೂ ಅಂಗಗಳಲ್ಲಿ ಎಣಿಸಲಿಲ್ಲ. ನಿರ್ಮಾಣಶಾಸ್ತ್ರವು ಇಲ್ಲಿ ಪೂರ್ಣವಾಗಿದೆ. ಪಾಲನಶಾಸ್ತ್ರವು ಆರಂಭವೇ ಆಗಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈ ಕಾಲದ ಸಂಸ್ಥೆಯ ಕಡೆಗೆ ತಿರುಗೋಣ.

೩

ಭಾರತ ಸರ್ಕಾರವು ೧೯೪೫ನೆಯ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗವೊಂದನ್ನು ಸ್ಥಾಪಿಸಿತು. ವೈಸರಾಯರ ಕಾರ್ಯಾಂಗ ಸಭೆಯಲ್ಲಿ ಕಾರ್ಮಿಕ ಶಾಖೆಯ ಸದಸ್ಯರಾಗಿದ್ದ ಡಾಕ್ಟರ್ ಭೀಮರಾವ್ ಅಂಬೇಡ್ಕರ್ ಅವರ ಪ್ರೇರಣೆ ಇದರ ಹಿಂದೆ ಇದ್ದಿತು. ಎ. ಎನ್. ಖೋಸ್ಲಾ ಅವರು ಮೊದಲನೆಯ ಅಧ್ಯಕ್ಷರು. ೧೯೫೧ರಲ್ಲಿ ಇದು ಕೇಂದ್ರ ವಿದ್ಯುದಾಯೋಗದೊಡನೆ ಕೂಡಿ ಜಲ ಮತ್ತು ವಿದ್ಯುತ್ ಆಯೋಗವಾಯಿತು. ೧೯೭೪ರಲ್ಲಿ ವಿದ್ಯುತ್ತಿನ ಭಾಗ ಬೇರೆಯಾಗಲು, ಉಳಿದುದು ಕೇಂದ್ರ ಜಲಾಯೋಗವೆಂಬ ಹೆಸರಿನಿಂದ ನಿಂತಿತು.

ಇದರ ಅಧಿಕಾರದ ಮೇರೆಯನ್ನು ಮೊದಲು ತಿಳಿಯಬೇಕು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು, ನೀರಾವರಿ, ಕಾಲುವೆ, ಏರಿಗಳು ರಾಜ್ಯಪಟ್ಟಿಯ ೧೭ನೆಯ ವಿಷಯ. ಅಂತರರಾಜ್ಯ ನದಿಗಳ ನಿಯಂತ್ರಣ ಮಾತ್ರ ಕೇಂದ್ರಪಟ್ಟಿಯ ೫೬ನೆಯ ವಿಷಯ. ಆದುದರಿಂದ ಜಲಾಯೋಗವು ದ್ವಾದಶಾಂಗಗಳಲ್ಲಿ ಮೊದಲನೆಯದಾದ ಅರಸಿನ ಸ್ಥಾನದಲ್ಲಿಲ್ಲ. ಕಡೆಯದಾದ ಕೆಲಸಗಾರರ ಸ್ಥಾನದಲ್ಲಿಯೂ ಸಾಮಾನ್ಯವಾಗಿ ಇಲ್ಲ. ಅದರ ಸ್ಥಾನ ಎರಡನೆಯ ಅಂಗದಲ್ಲಿ. ನದಿಗಳ ಹರಿವನ್ನು ಅಳೆಯುವುದು, ಪ್ರವಾಹದ ಮುನ್ಸೂಚನೆ ಕೊಡುವುದು, ಅಣೆಕಟ್ಟುಗಳ ರೂಪರೇಖೆಯಲ್ಲಿ ನೆರವಾಗುವುದು, ರಾಜ್ಯಗಳು ಕಳುಹಿಸುವ ಯೋಜನೆಗಳನ್ನು ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸುವುದು, ಇವು ಅದರ ಮುಖ್ಯ ಕೆಲಸಗಳು. ರಾಷ್ಟ್ರದ ಪಾಥಶ್ಶಾಸ್ತ್ರಜ್ಞನೆಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಹೇಳಿಬಿಡಬಹುದು.

ಈ ಅಂಗದಲ್ಲಿ ಆಯೋಗದ ಸಾಧನೆ ಅಲ್ಪವಲ್ಲ. ಒಂದು ಹಳ್ಳದ ಕೆರೆಗೆ ಊರಿನ ಹಿರಿಯರ ಅನುಭವವೇ ಪ್ರಮಾಣವಾಗಬಹುದು. ಮಹಾನದಿಯಂತಹ ನದಿಗೆ ಅನೇಕ ವರ್ಷಗಳ ಮಳೆ ಹೊಳೆಗಳ ಲೆಕ್ಕವಿಲ್ಲದೆ ಏರಿಯ ಎತ್ತರವನ್ನು ನಿಶ್ಚಯಿಸುವಂತಿಲ್ಲ. ೧೯೫೭ರಲ್ಲಿ ಉದ್ಘಾಟಿತವಾದ ಹಿರಾಕುಡ್ ಅಣೆಕಟ್ಟಿನ ಪೂರ್ವಪರಿಶೀಲನೆಯು ಈ ಆಯೋಗದ ಮೊದಲ ದಿನಗಳ ಕಾರ್ಯಗಳಲ್ಲಿ ಒಂದು. ಪ್ರಾಂತದಿಂದ ಪ್ರಾಂತಕ್ಕೆ ಚದರಿಹೋಗಿದ್ದ ಜಲಜ್ಞಾನವನ್ನು ಒಂದೆಡೆಗೆ ತಂದುದು ಇದರ ದೊಡ್ಡ ಉಪಕಾರ. ಆಯೋಗವೆಂಬ ಶಬ್ದದ ಮೂಲವಾದ ಯುಜ್ ಧಾತುವಿಗೆ ಕೂಡಿಸುವುದೆಂಬ ಅರ್ಥವಿರುವುದರಿಂದ ಇದು ಹೆಸರಿಗೆ ಒಪ್ಪುವ ಕೆಲಸವೇ ಸರಿ.

೪

ಇನ್ನು ದೋಷವಿಚಾರ. ಆರು ದೋಷಗಳಲ್ಲಿ ಐದು ನೆಲ ನೀರುಗಳಿಗೆ ಸಂಬಂಧಪಟ್ಟವು. ಮೂರನೆಯದೊಂದು ಮಾತ್ರ ರಾಜಕೀಯವಾದುದು: ಎರಡು ರಾಜ್ಯಗಳ ಗಡಿ. ಜಿನುಗುವ ಏರಿಯನ್ನು ಊರಿನವರು ಮೆತ್ತಬಲ್ಲರು, ದಿಬ್ಬವನ್ನು ಅಗೆಯಬಲ್ಲರು. ಗಡಿಯ ದೋಷವನ್ನು ಗಡಿಯ ಈಚೆಯವನೂ ತಿದ್ದಲಾರ, ಆಚೆಯವನೂ ತಿದ್ದಲಾರ. ಉಭಯರಿಗೂ ಸಮಾನನಾದ ಮೂರನೆಯವನೊಬ್ಬ ಬೇಕು. ರಾಷ್ಟ್ರಸಂಸ್ಥೆಯೊಂದು ಇರತಕ್ಕುದಕ್ಕೆ ಇದಕ್ಕಿಂತ ಬಲವಾದ ಹೇತುವಿಲ್ಲ. ೧೩೬೯ರ ಲಕ್ಷಣಕಾರನು ಅಂತಹ ಸ್ಥಳದಲ್ಲಿ ಕೆರೆಯೇ ಕೂಡದೆಂದನು. ಈ ಕಾಲದಲ್ಲಿ ಹಾಗೆನ್ನುವುದು ಸಾಧ್ಯವಿಲ್ಲ. ನಮ್ಮ ಮಹಾನದಿಗಳಲ್ಲಿ ಗಡಿಯನ್ನು ದಾಟದವು ವಿರಳ.

ತುಂಗಭದ್ರೆಯ ಅಣೆಕಟ್ಟು ಇದಕ್ಕೆ ನಮ್ಮ ನಾಡಿನ ಉದಾಹರಣೆ. ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ೧೯೪೫ರಲ್ಲಿ ಹೊಸಪೇಟೆಯ ಬಳಿ ಆರಂಭಿಸಿದ ಈ ಕಾರ್ಯದಿಂದ ೧೯೫೩ರಲ್ಲಿ ನೀರು ಹರಿಯಿತು. ಅದೇ ವರ್ಷ ಆಂಧ್ರ ರಾಜ್ಯ ಬೇರೆಯಾಗಿ, ಬಳ್ಳಾರಿಯ ಸೀಮೆಯು ಮೈಸೂರಿಗೆ ಸೇರಲು, ಕೆಲಸ ಮುಗಿಯುತ್ತಿದ್ದಂತೆಯೇ ಜಲಾಶಯಕ್ಕೆ ಮೂರನೆಯ ದೋಷವು ಬಂದು ಅಂಟಿಕೊಂಡಿತು. ಪರಿಹಾರವಾಗಿ ಕೇಂದ್ರ ಸರ್ಕಾರದ ಅಧ್ಯಕ್ಷತೆಯುಳ್ಳ ತುಂಗಭದ್ರಾ ಮಂಡಲಿಯು ೧೯೫೩ರಲ್ಲಿ ಏರ್ಪಟ್ಟಿತು. ಎಪ್ಪತ್ತು ವರ್ಷಗಳಿಗೂ ಮೀರಿ ಅದು ಅಣೆಕಟ್ಟನ್ನೂ ರಾಜ್ಯಗಳಿಗೆ ಸಾಮಾನ್ಯವಾದ ಭಾಗಗಳನ್ನೂ ನೋಡಿಕೊಂಡು ಬಂದಿರುವುದರಿಂದ, ಗಡಿದೋಷವು ಅಸಾಧ್ಯರೋಗವಲ್ಲವೆಂದು ಸಿದ್ಧವಾಯಿತು.

ಕಾವೇರಿಯ ಚರಿತ್ರೆ ಬೇರೆ ಬಗೆಯದು. ೧೮೯೨ ಮತ್ತು ೧೯೨೪ರ ಒಪ್ಪಂದಗಳ ತರುವಾಯ, ೧೯೯೦ರಲ್ಲಿ ನ್ಯಾಯಮಂಡಲಿ, ೨೦೦೭ರಲ್ಲಿ ಅದರ ಅಂತಿಮ ತೀರ್ಪು, ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ಣಯ, ಅದೇ ವರ್ಷ ಜಲನಿರ್ವಹಣಾ ಪ್ರಾಧಿಕಾರ. ಹೀಗೆ ವಿವಾದವು ಶತಮಾನವನ್ನು ಮೀರಿತು. ರಾಜ್ಯಗಳು ಕೂಡಿ ನದಿಯನ್ನು ಆಳಲೆಂದು ೧೯೫೬ರಲ್ಲಿ ನದೀಮಂಡಲಿಗಳ ಅಧಿನಿಯಮ ಬಂದಿತು. ಆದರೆ ಅದರ ಅನುಸಾರವಾಗಿ ಒಂದು ಮಂಡಲಿಯೂ ಸ್ಥಾಪಿತವಾಗಲಿಲ್ಲ. ಅದೇ ವರ್ಷದ ಜಲವಿವಾದಗಳ ಅಧಿನಿಯಮವು ಮಾತ್ರ ಮತ್ತೆ ಮತ್ತೆ ಬಳಕೆಗೆ ಬಂದಿತು. ಕೂಡಿಸುವ ಶಾಸ್ತ್ರ ಗ್ರಂಥದಲ್ಲಿಯೇ ಉಳಿದು ವಾದಿಸುವ ಶಾಸ್ತ್ರ ಪ್ರಚಾರಕ್ಕೆ ಬಂದುದನ್ನು ಏನೆಂದು ಹೇಳುವುದು!

ಐದನೆಯ ದೋಷವೂ ತುಂಗಭದ್ರೆಯಲ್ಲಿ ಪ್ರತ್ಯಕ್ಷವಾಗಿದೆ. ಬರಪೀಡಿತವಾದ ವಿಶಾಲ ಸೀಮೆಗೆ ಸ್ವಲ್ಪ ಸ್ವಲ್ಪ ನೀರನ್ನು ಹಂಚಿ, ಹೆಚ್ಚಿನ ಭಾಗದಲ್ಲಿ ಅಲ್ಪಜಲದ ಬೆಳೆಗಳನ್ನೇ ಬೆಳೆಯಬೇಕೆಂಬುದು ಮೂಲಸಂಕಲ್ಪ. ಎಡದಂಡೆಯ ಕಾಲುವೆಯ ತಲೆಯ ಭಾಗದಲ್ಲಿ ಬತ್ತ ಹಬ್ಬಿತು. ರಾಯಚೂರಿನ ಕಡೆಯ ತುದಿಯ ರೈತನಿಗೆ ನೀರು ತಲಪುವುದೇ ಪ್ರಶ್ನೆಯಾಯಿತು. ಕಾಗದದ ಮೇಲೆ ನೀರೂ ಭೂಮಿಯೂ ಸರಿದೂಗಿದ್ದರೂ ಹಂಚಿಕೆ ಕೆಟ್ಟರೆ ದೋಷವು ತಾನಾಗಿಯೇ ಬರುವುದೆಂಬುದಕ್ಕೆ ಇದು ನಿದರ್ಶನ.

೫

ದೋಷವನ್ನು ತಿದ್ದುವುದು, ಕೆಟ್ಟುದನ್ನು ಕಾಯುವುದು ಎಂಬ ವಿಷಯಕ್ಕೆ ಬಂದಾಗ ಪೋರುಮಾಮಿಳ್ಳದ ಲಕ್ಷಣವು ಸಾಲದೆ ಗಿರಿನಗರದ ಬಂಡೆಯನ್ನು ಆಶ್ರಯಿಸಬೇಕಾಗುವುದು. ಶಕವರ್ಷ ೭೨ರ, ಎಂದರೆ ಕ್ರಿ. ಶ. ೧೫೦ರ ಸುಮಾರಿನ, ರುದ್ರದಾಮನ ಶಾಸನವು ಸಂಸ್ಕೃತಗದ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದರ ಸಮಾಸಗಳ ದೈರ್ಘ್ಯವನ್ನೂ ಗದ್ಯಪದ್ಯಗಳ ಗುಣಗಳನ್ನು ಕುರಿತು ಅದರಲ್ಲಿರುವ ಮಾತುಗಳನ್ನೂ ನಮ್ಮ ಅಧ್ಯಾಪಕರು ಬೋಧಿಸುತ್ತಲೇ ಇದ್ದಾರೆ. ಆದರೆ ಅದರ ವಸ್ತು ಒಂದು ಕೆರೆಯ ದುರಸ್ತಿ.

ಸುದರ್ಶನವೆಂಬ ಆ ಕೆರೆಯನ್ನು ಮೌರ್ಯ ಚಂದ್ರಗುಪ್ತನ ಕಾಲದಲ್ಲಿ ಪುಷ್ಯಗುಪ್ತನೆಂಬ ರಾಷ್ಟ್ರಿಯನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನರಾಜ ತುಷಾಸ್ಫನು ಕಾಲುವೆಗಳಿಂದ ಅಲಂಕರಿಸಿದನು. ಮಹಾವೃಷ್ಟಿಯಿಂದ ಏರಿಯು ೪೨೦ ಮೊಳ ಉದ್ದ, ಅಷ್ಟೇ ಅಗಲ, ೭೫ ಮೊಳ ಆಳ ಒಡೆದುಹೋಗಲು, ನೀರೆಲ್ಲ ಹರಿದು, ಸುದರ್ಶನವಾಗಿದ್ದುದು ಮರುಭೂಮಿಯಂತೆ ದುರ್ದರ್ಶನವಾಯಿತು. ರಾಜನ ಮತಿಸಚಿವರೂ ಕರ್ಮಸಚಿವರೂ ಒಡಕಿನ ಮಹತ್ತ್ವವನ್ನು ಕಂಡು ಕೈಬಿಟ್ಟರು. ಪ್ರಜೆಗಳು ಹಾಹಾಕಾರ ಮಾಡಿದರು. ಆಗ ಆ ಪ್ರಾಂತದ ಅಧಿಕಾರಿಯಾಗಿದ್ದ ಪಹ್ಲವನಾದ ಸುವಿಶಾಖನು, ತೆರಿಗೆ ಬಿಟ್ಟಿಗಳಿಂದ ಜನರನ್ನು ಪೀಡಿಸದೆ ರಾಜಕೋಶದ ಧನದಿಂದಲೇ ಏರಿಯನ್ನು ಮೊದಲಿನ ಮೂರರಷ್ಟು ದೃಢವಾಗಿ ಕಟ್ಟಿಸಿದನು. ಕೆರೆಯು ಸುದರ್ಶನತರವಾಯಿತು. ಸುದರ್ಶನ, ದುರ್ದರ್ಶನ, ಸುದರ್ಶನತರ ಎಂಬ ಈ ಮೂರು ಪದಗಳ ಏರಿಳಿತದಲ್ಲಿ ಶಾಸನದ ಸಮಸ್ತ ಕಥೆಯೂ ಅಡಗಿದೆ. ಶಬ್ದಾಲಂಕಾರವು ಇಲ್ಲಿ ಅರ್ಥದ ಬೆನ್ನೆಲುಬಾಗಿ ನಿಂತಿದೆ. ಮುಂದೆ ಸ್ಕಂದಗುಪ್ತನ ಕಾಲದಲ್ಲಿ ಅದೇ ಕೆರೆ ಮತ್ತೆ ಒಡೆಯಲು ಪರ್ಣದತ್ತನ ಮಗನಾದ ಚಕ್ರಪಾಲಿತನು ಮತ್ತೆ ಕಟ್ಟಿಸಿದನೆಂದು ಅದೇ ಬಂಡೆಯ ಮತ್ತೊಂದು ಶಾಸನ ಹೇಳುವುದು.

ಪುಷ್ಯಗುಪ್ತನಿಗಿರುವ ರಾಷ್ಟ್ರಿಯನೆಂಬ ಬಿರುದು ಗಮನಾರ್ಹ. ರಾಷ್ಟ್ರಶಬ್ದದ ಮೇಲೆ ಘಪ್ರತ್ಯಯ ಬಂದು ಹ್ರಸ್ವ ಇಕಾರವುಳ್ಳ ಈ ರೂಪವಾಗುವುದೆಂದು ಪಾಣಿನಿಯ ವ್ಯವಸ್ಥೆ. ಅಮರನು ನಾಟಕದಲ್ಲಿ ರಾಜನ ಮೈದುನನಿಗೆ ಇದನ್ನು ಹೇಳಿದ್ದಾನೆ. ಇಲ್ಲಿ ಪ್ರಾಂತಾಧಿಕಾರಿಯೆಂಬ ಅರ್ಥ ಹೊಂದುವುದು. ಎಲ್ಲಿಯೋ ದೂರದಲ್ಲಿರುವ ರಾಜ್ಯಶಕ್ತಿಯು ಒಂದು ಊರಿನ ನೀರಿನ ಬಳಿಗೆ ಬಂದು ನಿಲ್ಲುವುದಕ್ಕೆ ಈ ಪದವೇ ಪ್ರಾಚೀನ ಸಾಕ್ಷ್ಯ. ಈ ಕಾಲದ ರಾಷ್ಟ್ರೀಯ ಸಂಸ್ಥೆಯು ಆ ರಾಷ್ಟ್ರಿಯನ ವಂಶದ್ದೆಂದರೆ ಅತಿಶಯೋಕ್ತಿಯಾಗದು. ಆದರೆ ಬಂಡೆಯ ಮೇಲೆ ವಿಸ್ತಾರವಾದ ಪ್ರಶಂಸೆ ದೊರೆತುದು ಮೊದಲು ಕಟ್ಟಿಸಿದ ಪುಷ್ಯಗುಪ್ತನಿಗಲ್ಲ, ಒಡೆದುದನ್ನು ಉಳಿಸಿದ ಸುವಿಶಾಖನಿಗೆ.

೬

ಈ ಲಕ್ಷಣದಿಂದ ನೋಡಿದರೆ ನಮ್ಮ ಕಾಲದ ನೀರಾವರಿಯ ಕೊರತೆ ತೋರುವುದು. ೨೦೧೬ರಲ್ಲಿ ಮಿಹಿರ್ ಷಾ ಅವರ ಅಧ್ಯಕ್ಷತೆಯ ಸಮಿತಿಯು ವರದಿಯೊಂದನ್ನು ಒಪ್ಪಿಸಿತು. ದೇಶದಲ್ಲಿ ಸೃಷ್ಟಿಯಾದ ನೀರಾವರಿ ಸಾಮರ್ಥ್ಯ ಸುಮಾರು ೧೧ ಕೋಟಿ ೩೦ ಲಕ್ಷ ಹೆಕ್ಟೇರು, ಬಳಕೆಗೆ ಬಂದುದು ಸುಮಾರು ೮ ಕೋಟಿ ೯೦ ಲಕ್ಷ ಹೆಕ್ಟೇರು ಎಂದು ಅದರಲ್ಲಿ ತೋರಿಸಿದೆ. ನೈಯಾಯಿಕರು ಸ್ವರೂಪಯೋಗ್ಯತೆ, ಫಲೋಪಧಾನ ಎಂದು ಕಾರಣತ್ವದಲ್ಲಿ ಭೇದವನ್ನು ಹೇಳುವರು. ಅರಣ್ಯದಲ್ಲಿ ಬಿದ್ದಿರುವ ಕೋಲು ಗಡಿಗೆಗೆ ಕಾರಣವಾಗಲು ಯೋಗ್ಯ. ಕುಂಬಾರನ ಕೈಯಲ್ಲಿ ತಿರುಗುವ ಕೋಲು ಗಡಿಗೆಯನ್ನು ಮಾಡುವುದು. ಎರಡು ಕೋಟಿ ನಲವತ್ತು ಲಕ್ಷ ಹೆಕ್ಟೇರಿನ ನೀರು ನಮ್ಮಲ್ಲಿ ಅರಣ್ಯದ ಕೋಲಾಗಿದೆ.

ತುಂಗಭದ್ರೆಯ ಜಲಾಶಯವು ಆದಿಯಲ್ಲಿ ಸುಮಾರು ೧೩೩ ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿದ್ದಿತು; ೨೦೧೬ರ ಅಳತೆಯಲ್ಲಿ ಅದು ೧೦೬ರೊಳಗೆ ಇಳಿದುದು ಕಂಡಿತು. ಐದರಲ್ಲೊಂದು ಪಾಲನ್ನು ಹೂಳು ನುಂಗಿದೆ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಅದೇ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ತುಂಬಿದ ನೀರನ್ನು ಹೊರಕ್ಕೆ ಬಿಟ್ಟು, ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಹರಿವನ್ನು ನಿಲ್ಲಿಸಿದವರ ಕೌಶಲ ಸ್ತುತ್ಯವಾದುದು. ದ್ವಾದಶಾಂಗಗಳ ಕಡೆಯ ಅಂಗವು ಇನ್ನೂ ಜೀವಂತವಾಗಿದೆಯೆಂದು ಅವರು ತೋರಿಸಿದರು. ಆದರೆ ಸರಪಳಿಯು ಕಡಿಯುವ ಮೊದಲು ನೋಡಿಕೊಳ್ಳುವುದೇ ಪಾಲನ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಪಾಲನವು ರಾಜ್ಯಗಳ ಕರ್ತವ್ಯ, ಸಂವಿಧಾನವೇ ಹಾಗೆ ವಿಭಾಗಿಸಿದೆ. ಜಲಾಯೋಗವು ಸಲಹೆ ಕೊಡತಕ್ಕದ್ದು, ಹೂಳೆತ್ತತಕ್ಕದ್ದಲ್ಲ. ಪರರ ಧರ್ಮದ ಲೋಪಕ್ಕೆ ಅದನ್ನು ಆಕ್ಷೇಪಿಸುವುದು ನ್ಯಾಯವಲ್ಲ, ಎಂದು. ಈ ವಾದದಲ್ಲಿ ಬಲವಿದೆ. ತೂಬನ್ನು ಎತ್ತಿ ಇಳಿಸುವ ನೀರುಗಂಟಿಯ ಕೆಲಸವನ್ನು ದಿಲ್ಲಿಯಲ್ಲಿ ಕುಳಿತು ಮಾಡಲಾಗದು.

ಸಿದ್ಧಾಂತವಾದರೋ ಹೀಗೆ. ಹೂಳೆತ್ತುವುದು ಬೇರೆ, ಹೂಳಿನ ಲೆಕ್ಕವನ್ನು ಕೇಳುವುದು ಬೇರೆ. ಯೋಜನೆಯನ್ನು ಪರೀಕ್ಷಿಸುವ ಶಾಸ್ತ್ರಜ್ಞನು ಏನನ್ನು ಪ್ರಶ್ನಿಸುವನೋ ಅದನ್ನೇ ಕಟ್ಟಿಸುವವನು ಸಿದ್ಧಪಡಿಸಿಕೊಂಡು ಬರುವನು. ಏರಿಯ ಎತ್ತರವನ್ನೂ ಅಚ್ಚುಕಟ್ಟಿನ ವಿಸ್ತೀರ್ಣವನ್ನೂ ಕೇಳುವಷ್ಟೇ ನಿಷ್ಠುರವಾಗಿ, ಇಪ್ಪತ್ತು ವರ್ಷಗಳ ಮೇಲೆ ಇದನ್ನು ಕಾಯುವವರಾರು, ತುದಿಯ ಹೊಲಕ್ಕೆ ನೀರು ಮುಟ್ಟಿತೆಂದು ಹೇಳುವವರಾರು ಎಂದು ಕೇಳಿದರೆ ಪಾಲನವೂ ಅಂಗಗಳಲ್ಲಿ ಒಂದಾಗುವುದು. ಸುವಿಶಾಖನೂ ದೂರದ ಅರಸಿನ ಅಧಿಕಾರಿಯೇ. ಅವನ ದೊಡ್ಡಸ್ತಿಕೆ ಒಡಕನ್ನು ತನ್ನದೆಂದು ಭಾವಿಸಿದುದರಲ್ಲಿದೆ.

ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಬಿದ್ದಿರುವುದನ್ನೂ ಹೇಳಬೇಕು. ೧೯೭೪–೭೫ರಲ್ಲಿ ಅಚ್ಚುಕಟ್ಟು ಪ್ರದೇಶಗಳ ಅಭಿವೃದ್ಧಿಯ ಕಾರ್ಯಕ್ರಮ ಆರಂಭವಾಯಿತು. ೨೦೦೫ರಲ್ಲಿ ಕೇಂದ್ರ ಸರ್ಕಾರವು ಹಳೆಯ ಕೆರೆಗಳ ದುರಸ್ತಿ ಮತ್ತು ಪುನರುದ್ಧಾರಕ್ಕೆ ಯೋಜನೆಯೊಂದನ್ನು ಕೈಗೊಂಡಿತು. ೨೦೨೧ರಲ್ಲಿ ಅಣೆಕಟ್ಟುಗಳ ಸುರಕ್ಷತೆಯ ಅಧಿನಿಯಮ ಬಂದಿತು. ೨೦೨೩ರಲ್ಲಿ ಪ್ರಕಟವಾದ ಮೊದಲನೆಯ ಜಲಾಶಯಗಣತಿಯಲ್ಲಿ ದೇಶದ ೨೪ ಲಕ್ಷಕ್ಕೂ ಹೆಚ್ಚು ಕೆರೆಕಟ್ಟೆಗಳು ಎಣಿಕೆಗೆ ಬಂದವು. ಇರುವುದನ್ನು ಎಣಿಸುವುದೇ ಕಾಯುವುದರ ಮೊದಲ ಮೆಟ್ಟಿಲು.

೭

ಕಡೆಯದಾಗಿ ಎರಡು ಶಾಸನಗಳೂ ಹೇಳದೆ ಬಿಟ್ಟಿರುವ ಒಂದು ದೋಷವನ್ನು ಸೇರಿಸಬೇಕಾಗಿದೆ. ಸರ್ವಲಕ್ಷಣಸಂಪನ್ನವಾದ ಕೆರೆಯ ನೀರನ್ನೂ ಕೆಲವರು ಮುಟ್ಟಲಾಗದಿದ್ದರೆ ಆ ಕೆರೆ ನಿರ್ದುಷ್ಟವೆನ್ನಬಹುದೇ? ೧೯೨೭ನೆಯ ಮಾರ್ಚ್ ತಿಂಗಳಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಹೋಗಿ ಕುಡಿದು ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ಅಂಬೇಡ್ಕರ್ ಅವರು. ಹದಿನೆಂಟು ವರ್ಷಗಳ ಮೇಲೆ ರಾಷ್ಟ್ರದ ಜಲಾಯೋಗ ರೂಪುಗೊಂಡುದು ಅವರ ಪ್ರೇರಣೆಯಿಂದಲೇ. ಪಾಥಶ್ಶಾಸ್ತ್ರಜ್ಞನನ್ನು ಜಾತಿಯಿಂದ ಗುರುತಿಸಿದ ಶಾಸನವನ್ನು ಓದುವವರು ಈ ಚರಿತ್ರೆಯನ್ನು ಅದರ ಪಕ್ಕದಲ್ಲಿಟ್ಟು ಓದತಕ್ಕದ್ದು. ಹಂಚಿಕೆಯ ವೈಷಮ್ಯವೇ ಏಳನೆಯ ದೋಷ. ಮಹಾಡಿನಲ್ಲಿ ಅದು ಜಾತಿಯ ರೂಪದಲ್ಲಿದ್ದಿತು. ಕಾಲುವೆಯ ತುದಿಯಲ್ಲಿ ದೂರದ ರೂಪದಲ್ಲಿದೆ.

ಕನ್ನಡನಾಡಿನ ಶಾಸನಗಳಿಗೆ ಪಾಲನದ ವಿಚಾರ ಅಪರಿಚಿತವಲ್ಲ. ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಮೊದಲಾದ ಹೆಸರುಗಳಿಂದ ಕೆರೆಯ ಕೆಲಸಕ್ಕೆಂದೂ ರಕ್ಷಣೆಗೆಂದೂ ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟ ಲೇಖಗಳು ಹೇರಳವಾಗಿವೆ. ದಾನ ಪಾಲನಗಳೆರಡರಲ್ಲಿ ಪಾಲನವೇ ಮೇಲೆಂಬ ಭಾವದ ಶ್ಲೋಕವು ಅಸಂಖ್ಯ ಶಾಸನಗಳ ಕೊನೆಯಲ್ಲಿರುವುದನ್ನು ಎಲ್ಲರೂ ಬಲ್ಲರು. ಕವಿ ಕುಬ್ಜನ ತಾಳಗುಂದದ ಶಾಸನವನ್ನು ಕದಂಬರ ವಂಶಕಥೆಗಾಗಿ ಓದುವ ನಾವು, ಅದು ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಶಾಸನವೆಂಬುದನ್ನು ಎಷ್ಟು ಸಲ ನೆನೆಯುವೆವು? ಕೃತಿಯನ್ನೂ ತಟಾಕವನ್ನೂ ಸಪ್ತಸಂತಾನಗಳಲ್ಲಿ ಒಡಹುಟ್ಟುಗಳೆಂದು ಎಣಿಸಿದವರು ನಮ್ಮ ಹಿಂದಿನವರು. ಓದುವವರಿಲ್ಲದ ಕೃತಿಯೂ ಹೂಳೆತ್ತುವವರಿಲ್ಲದ ಕೆರೆಯೂ ಒಂದೇ ಗತಿಯನ್ನು ಹೊಂದುವುವು.

ಆದುದರಿಂದ ಆಯೋಗದಲ್ಲಿ ನಾವು ಬಯಸಬೇಕಾದುದು ಹದಿಮೂರನೆಯ ಅಂಗವಾದ ಪಾಲನವನ್ನೂ ಏಳನೆಯ ದೋಷವಾದ ವೈಷಮ್ಯವನ್ನೂ ತನ್ನ ಪರೀಕ್ಷೆಯ ಲಕ್ಷಣಗಳಲ್ಲಿ ಸೇರಿಸಿಕೊಳ್ಳುವುದನ್ನು. ಸಾಹಿತ್ಯದ ಅಧ್ಯಾಪಕರಲ್ಲಿ ಬಯಸಬೇಕಾದುದು, ಈ ಶಾಸನಗಳನ್ನು ತರಗತಿಯಲ್ಲಿ ಓದಿಸುವಾಗ ಸಮಾಸವನ್ನು ಬಿಡಿಸಿದ ಮೇಲೆ ಏರಿಯ ಕಥೆಯನ್ನೂ ಬಿಡಿಸುವುದನ್ನು. ವಿಜಯನಗರದ ಕಾಲದ ರಾಯಕಾಲುವೆಯಲ್ಲಿಯೂ ಬಸವಣ್ಣಕಾಲುವೆಯಲ್ಲಿಯೂ ಇಂದಿಗೂ ನೀರು ಹರಿಯುತ್ತಿದೆ. ಕಟ್ಟಿಸಿದವರ ಅರಮನೆಗಳು ಹಾಳಾದುವು. ಕಾಯುವವರು ತಪ್ಪ್ಪದೆ ಬಂದುದರಿಂದ ಕಾಲುವೆಗಳು ಉಳಿದುವು.